ಠಾಣೆ ಮೆಟ್ಟಿಲು ಹತ್ತುವವರು ನಮ್ಮನ್ನು ಪದೇ ಪದೇ ಕೇಳುವ ಪ್ರಶ್ನೆಗಳು

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ, ಬಾಗೇಪಲ್ಲಿ, ಗುಡಿಬಂಡೆ ಕಡೆಯಿಂದ ಜನ ಫೋನ್ ಮಾಡಿ ಕೇಳುವುದು ಹೆಚ್ಚುಕಮ್ಮಿ ಇವೇ ಪ್ರಶ್ನೆಗಳನ್ನು. ರಾತ್ರಿ ಹನ್ನೊಂದಕ್ಕೆ, ಗಾಬರಿಯಲ್ಲಿ, ಠಾಣೆಯ ಎದುರಿನ ಟೀ ಅಂಗಡಿಯಿಂದ ಕೇಳುತ್ತಾರೆ. ಆ ಹೊತ್ತಿನಲ್ಲಿ ಹೇಳಿದ್ದು ತಲೆಗೆ ಹೋಗುವುದಿಲ್ಲ. ಅದಕ್ಕೇ ಬಿಡುವಿದ್ದಾಗ ಓದಿಕೊಳ್ಳಲಿ ಎಂದು ಇಲ್ಲಿ ಬರೆದಿಟ್ಟಿದ್ದೇವೆ.

ನೀವು ಯಾರು? ಏನು ಮಾಡುತ್ತೀರಿ?

ಒಂದು ಸಣ್ಣ ಗುಂಪು. ಇಬ್ಬರು ವಕೀಲರು, ಒಬ್ಬರು ನಿವೃತ್ತ ಮೇಷ್ಟ್ರು, ರೇಷ್ಮೆ ನೂಲು ತೆಗೆಯುವ ಕೆಲಸದ ನಾಲ್ಕು ಜನ ಹೆಣ್ಣುಮಕ್ಕಳು, ಆಟೊ ಓಡಿಸುವವರು, ಕಾಲೇಜು ಹುಡುಗರು, ಮತ್ತು ನಾನು. ನಮಗೆ ಕಚೇರಿ ಇಲ್ಲ, ಬೋರ್ಡು ಇಲ್ಲ. ಯಾರಿಗಾದರೂ ಠಾಣೆಯಲ್ಲಿ ಅನ್ಯಾಯ ಆದರೆ ಜೊತೆಗೆ ಹೋಗುತ್ತೇವೆ, ಅರ್ಜಿ ಬರೆಯುತ್ತೇವೆ, ಸ್ವೀಕೃತಿ ಹಾಕಿಸಿಕೊಳ್ಳುತ್ತೇವೆ, ಮೇಲಿನ ಕಚೇರಿಗೆ ಕಳಿಸುತ್ತೇವೆ, ಉತ್ತರ ಬರುವವರೆಗೆ ಬಿಡುವುದಿಲ್ಲ. ಕೂಗಾಡುವುದು ಕಡಿಮೆ, ಬರೆಯುವುದು ಜಾಸ್ತಿ. ಠಾಣೆಯೊಳಗೆ ಏನು ನಡೆಯಿತು ಅನ್ನುವುದು ಕಾಗದದ ಮೇಲೆ ಬರದಿದ್ದರೆ ಅದು ನಡೆದೇ ಇಲ್ಲ ಎಂದಾಗಿಬಿಡುತ್ತದೆ. ನಾವು ಈ ಕೆಲಸಕ್ಕೆ ನಿಂತಿರುವುದು ಅದಕ್ಕೇ.

ಇದನ್ನು ಯಾಕೆ ಶುರು ಮಾಡಿದಿರಿ?

ಒಬ್ಬೊಬ್ಬರದು ಒಂದೊಂದು ಕಾರಣ. ನನ್ನದು ನನ್ನ ತಮ್ಮ.

ಒಂದು ಸಂಜೆ ಡೈರಿಗೆ ಹಾಲು ಹಾಕಿ ಬರುತ್ತಿದ್ದವನನ್ನು ದಾರಿಯಲ್ಲೇ ಜೀಪಿಗೆ ಹತ್ತಿಸಿಕೊಂಡು ಹೋದರು. ಪಕ್ಕದ ಮನೆ ಹುಡುಗ ಖಾಲಿ ಕ್ಯಾನು ತಂದುಕೊಟ್ಟು, 'ಅಣ್ಣನ್ನ ಪೊಲೀಸರು ಕರ್ಕೊಂಡ್ ಹೋದ್ರು' ಅಂದ. ಮೂರು ರಾತ್ರಿ ಅಮ್ಮ ಠಾಣೆಯ ಬೇವಿನ ಮರದ ಕೆಳಗೆ ಕೂತಿದ್ದಳು. ಕೇಳಿದಾಗಲೆಲ್ಲ 'ವಿಚಾರಣೆ ಮಾಡಿ ಕಳಿಸ್ತೀವಮ್ಮ, ಮನೆಗ್ ಹೋಗು' ಎಂಬ ಒಂದೇ ಮಾತು. ನಾಲ್ಕನೇ ದಿನ ಕೋರ್ಟಿಗೆ ಹಾಜರುಪಡಿಸಿದರು. ಕಾಗದದಲ್ಲಿ 'ಈ ದಿನ ಬೆಳಗ್ಗೆ 6 ಗಂಟೆಗೆ ದಸ್ತಗಿರಿ' ಎಂದಿತ್ತು. ಮೂರು ರಾತ್ರಿಗಳು ಎಲ್ಲೂ ಇರಲಿಲ್ಲ.

ಅಮ್ಮ ಸೆರಗಿನ ಗಂಟು ಬಿಚ್ಚಿ ಡೈರಿಯ ಚೀಟಿ ತೆಗೆದಳು. ಬೆರಳಗಲದ ಕಾಗದ, ಬೆವರಿಗೆ ಅರ್ಧ ಮಾಸಿತ್ತು. ತಾರೀಖು, ಸಂಜೆ ಪಾಳಿ, ನಾಲ್ಕೂವರೆ ಲೀಟರ್, ಫ್ಯಾಟ್ ಇಷ್ಟು ಎಂದು ಅಚ್ಚಾಗಿತ್ತು. ಕ್ಯಾನಿನ ಮುಚ್ಚಳದ ಸಂದಿಯಲ್ಲಿ ಸಿಕ್ಕಿಸಿದ್ದನಂತೆ. ಅದರ ಮಾರನೆಯ ಪಾಳಿಯಿಂದ ನಮ್ಮ ಮನೆ ಹಾಲು ಡೈರಿಗೆ ಹೋಗಿರಲಿಲ್ಲ. ವಕೀಲರು ಆ ಚೀಟಿಯನ್ನೂ ಡೈರಿಯ ಪುಸ್ತಕದ ನಕಲನ್ನೂ ಕೊಟ್ಟರು. ನ್ಯಾಯಾಧೀಶರು ತಮ್ಮನನ್ನು ಹತ್ತಿರ ಕರೆದು ಕೇಳಿದರು, ವೈದ್ಯಕೀಯ ತಪಾಸಣೆಗೆ ಬರೆದರು. ಆ ದಿನದ ಆದೇಶದ ಹಾಳೆಯಲ್ಲಿ ನಾಲ್ಕು ಸಾಲು ಬಂತು. ಆ ನಾಲ್ಕು ಸಾಲಿಲ್ಲದೆ ನಮ್ಮ ಮನೆಯವರ ಮಾತನ್ನು ಮುಂದೆ ಯಾರೂ ನಂಬುತ್ತಿರಲಿಲ್ಲ.

ನೀವು ಪೊಲೀಸರ ವಿರೋಧಿಗಳಾ?

ಅಲ್ಲ. ನಮ್ಮ ಗುಂಪಿನಲ್ಲೇ ಒಬ್ಬರ ಮಗ ಕಾನ್‌ಸ್ಟೆಬಲ್. ಹಬ್ಬ, ಜಾತ್ರೆ, ಚುನಾವಣೆ, ಬಂದೋಬಸ್ತು ಅಂತ ವಾರದ ರಜೆಯೂ ಇಲ್ಲದೆ ದುಡಿಯುವವರ ಮನೆ ಕಷ್ಟ ನಮಗೆ ಗೊತ್ತು. 2016ರ ಜೂನ್‌ನಲ್ಲಿ ರಾಜ್ಯದ ಪೊಲೀಸರು ಸಾಮೂಹಿಕ ರಜೆ ಹಾಕುತ್ತೇವೆ ಎಂದು ಹೊರಟಾಗ ಅವರು ಕೇಳಿದ್ದು ಸಂಬಳ, ರಜೆ, ಮೇಲಧಿಕಾರಿಗಳ ಕಿರುಕುಳಕ್ಕೆ ಕಡಿವಾಣ. ಮೂರೂ ನ್ಯಾಯವಾದ ಬೇಡಿಕೆಗಳೇ. ನಿದ್ದೆಗೆಟ್ಟ ದಫೇದಾರರ ಕೈಗೆ ಲಾಠಿ ಕೊಟ್ಟು ಸಹನೆಯಿಂದ ಇರು ಅನ್ನುವುದು ಅವರಿಗೂ ಅನ್ಯಾಯ, ನಮಗೂ ಅನ್ಯಾಯ. ಆದರೆ ಕೆಲಸದ ಒತ್ತಡ ಯಾರ ಮೈಮೇಲಿನ ಬಾಸುಂಡೆಗೂ ಉತ್ತರ ಆಗುವುದಿಲ್ಲ. ಕಾನೂನು ಪ್ರಕಾರ ನಡೆಯುವ ಅಧಿಕಾರಿಗಳು ಈ ಜಿಲ್ಲೆಯಲ್ಲಿ ಇದ್ದಾರೆ. ಅಂಥವರ ಠಾಣೆಗೆ ಹೋದಾಗ ನಮಗೆ ಕೆಲಸವೇ ಇರುವುದಿಲ್ಲ.

ದೂರು ಕೊಡಲು ಹೋದರೆ ತೆಗೆದುಕೊಳ್ಳುವುದಿಲ್ಲ ಅಂತಾರೆ. ಏನು ಮಾಡಬೇಕು?

ನಮಗೆ ಅತಿ ಹೆಚ್ಚು ಬರುವ ಪ್ರಶ್ನೆ ಇದು, ಸ್ವಲ್ಪ ಉದ್ದವಾಗಿಯೇ ಹೇಳುತ್ತೇವೆ.

ಸಂಜ್ಞೇಯ ಅಪರಾಧ, ಅಂದರೆ ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದಾದ ಅಪರಾಧ ನಡೆದಿದೆ ಎಂದು ದೂರಿನಲ್ಲೇ ಕಾಣುತ್ತಿದ್ದರೆ ಎಫ್‌ಐಆರ್ ಹಾಕಲೇಬೇಕು. 2013ರ ನವೆಂಬರ್‌ನಲ್ಲಿ ಲಲಿತಾ ಕುಮಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಐದು ನ್ಯಾಯಮೂರ್ತಿಗಳ ಪೀಠ ಇದನ್ನು ಸ್ಪಷ್ಟವಾಗಿ ಹೇಳಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಕೂಡ ಅದೇ ದಾರಿಯದು. ಮೂರು ವರ್ಷಕ್ಕೆ ಕಮ್ಮಿಯಿಲ್ಲದ, ಏಳು ವರ್ಷದೊಳಗಿನ ಶಿಕ್ಷೆಯ ಅಪರಾಧಗಳಲ್ಲಿ ಮಾತ್ರ ಡಿವೈಎಸ್‌ಪಿ (ಪೊಲೀಸ್ ಉಪ ವರಿಷ್ಠಾಧಿಕಾರಿ) ಅನುಮತಿ ಪಡೆದು 14 ದಿನ ಪ್ರಾಥಮಿಕ ವಿಚಾರಣೆ ಮಾಡಲು ಹೊಸ ಕಾನೂನಿನಲ್ಲಿ ಅವಕಾಶವಿದೆ. 'ವಿಚಾರಣೆ ಮಾಡಿ ನೋಡೋಣ' ಎಂದು ತಿಂಗಳುಗಟ್ಟಲೆ ಅಲೆಸಿದರೆ ಆ ಅನುಮತಿ ಯಾವತ್ತು ಪಡೆದಿರಿ ಎಂದು ಕೇಳಿ.

ಬಾಯಲ್ಲಿ ಹೇಳಿ ಬರಬೇಡಿ. ಎರಡು ಪ್ರತಿ ಬರೆದುಕೊಂಡು ಹೋಗಿ. ಒಂದನ್ನು ಕೊಟ್ಟು ಇನ್ನೊಂದರ ಮೇಲೆ ಸೀಲು, ಸಹಿ, ತಾರೀಖು ಹಾಕಿಸಿಕೊಳ್ಳಿ. ಹಾಕಲ್ಲ ಅಂದರೆ ಜಗಳ ಬೇಡ, ನೇರವಾಗಿ ಅಂಚೆ ಕಚೇರಿಗೆ ಹೋಗಿ. ಅದೇ ದೂರನ್ನು ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ, ಅಂದರೆ ಎಸ್‌ಪಿಗೆ, ರಿಜಿಸ್ಟರ್ ಮಾಡಿ, ರಸೀದಿ ಜೋಪಾನ. ಅಲ್ಲೂ ಆಗದಿದ್ದರೆ ವಕೀಲರ ಮೂಲಕ ಅಫಿಡವಿಟ್ ಜೊತೆ ಮ್ಯಾಜಿಸ್ಟ್ರೇಟರ ಮುಂದೆ ಹೋಗಬಹುದು. ಅಂಚೆ ರಸೀದಿ ಇಲ್ಲದೆ ಮ್ಯಾಜಿಸ್ಟ್ರೇಟರ ಹತ್ತಿರ ಹೋದ ಎಷ್ಟೋ ಅರ್ಜಿಗಳು ಅಲ್ಲೇ ಮುಗ್ಗರಿಸಿವೆ.

ಎಫ್‌ಐಆರ್ ಆದ ಮೇಲೆ ಅದರ ಪ್ರತಿ ದೂರುದಾರರಿಗೆ ಉಚಿತ. ಜೆರಾಕ್ಸ್ ಕಾಸು ಅಂತ ಕೇಳಿದರೂ ಕೊಡಬೇಡಿ.

ನಮ್ಮ ಗಡಿಯ ತಾಲ್ಲೂಕುಗಳಲ್ಲಿ ಇನ್ನೊಂದು ತೊಡಕಿದೆ. ಬಾಗೇಪಲ್ಲಿ ಕಡೆಯ ಅಜ್ಜಿಯೊಬ್ಬರು ತೆಲುಗಿನಲ್ಲಿ ಅಳುತ್ತಾ ಹೇಳುತ್ತಾರೆ, ರೈಟರ್ ಕನ್ನಡದಲ್ಲಿ ಬರೆಯುತ್ತಾರೆ, ಅಜ್ಜಿ ಹೆಬ್ಬೆಟ್ಟು ಒತ್ತುತ್ತಾರೆ. ಒಮ್ಮೆ ಅಂಥ ಒಂದು ದೂರನ್ನು ನಾವು ಆಮೇಲೆ ಓದಿದೆವು. ಅಜ್ಜಿ ಹೇಳಿದ್ದು 'ಜುಟ್ಟು ಪಟ್ಟುಕೊನಿ ಈಡ್ಚಿನಾರು', ಜುಟ್ಟು ಹಿಡಿದು ಎಳೆದಾಡಿದರು ಎಂದು. ಕಾಗದದಲ್ಲಿ ಇದ್ದದ್ದು 'ಬಾಯಿಮಾತಿನ ಜಗಳವಾಗಿರುತ್ತದೆ'. ಬರೆದದ್ದನ್ನು ಓದಿ ಹೇಳಬೇಕು ಎಂದು ಕಾನೂನೇ ಹೇಳುತ್ತದೆ. ಓದಿಸಿಕೊಳ್ಳದೆ ಸಹಿಯೂ ಬೇಡ, ಹೆಬ್ಬೆಟ್ಟೂ ಬೇಡ. ಎರಡೂ ಭಾಷೆ ಬಲ್ಲ ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ಯಾರೂ ಇಲ್ಲದಿದ್ದರೆ ನಾವು ಬರುತ್ತೇವೆ.

'ಇದು ನಮ್ಮ ಠಾಣೆ ವ್ಯಾಪ್ತಿಗೆ ಬರಲ್ಲ' ಅಂದರೆ?

ಜೀರೋ ಎಫ್‌ಐಆರ್ ಹಾಕಿ ಎನ್ನಿ. ಯಾವ ಠಾಣೆಯಲ್ಲಾದರೂ ದೂರು ದಾಖಲಿಸಿಕೊಂಡು ಸಂಬಂಧಪಟ್ಟ ಠಾಣೆಗೆ ವರ್ಗಾಯಿಸಬೇಕು. ಅದು ಈಗ ಕಾನೂನಿನ ಮಾತು, ಅವರ ಔದಾರ್ಯವಲ್ಲ.

ಮುಚ್ಚಳಿಕೆ ಬರೆದುಕೊಟ್ಟು ರಾಜಿ ಮಾಡಿಕೊಳ್ಳಿ ಅಂತ ಒತ್ತಾಯ ಮಾಡುತ್ತಾರೆ.

ಬದು ಒತ್ತುವರಿ, ಸಾಲ, ಬೋರ್‌ವೆಲ್ ಜಗಳ, ಗಂಡ ಹೆಂಡತಿ ಜಗಳ ಎಲ್ಲವೂ ಠಾಣೆಯಲ್ಲಿ ಪಂಚಾಯ್ತಿಗೆ ಬರುತ್ತವೆ. ಜನರೇ ಒಯ್ಯುತ್ತಾರೆ, ಯಾಕೆಂದರೆ ಕೋರ್ಟಿಗೆ ವರ್ಷಗಟ್ಟಲೆ ಅಲೆಯಬೇಕು. ಅದು ನಮಗೂ ಅರ್ಥವಾಗುತ್ತದೆ. ಆದರೆ ಜಮೀನು ಯಾರದು ಎಂದು ತೀರ್ಮಾನಿಸುವ ಅಧಿಕಾರ ಸಬ್ ಇನ್‌ಸ್ಪೆಕ್ಟರಿಗೆ ಇಲ್ಲ. ಒಪ್ಪಿಗೆಯಿಲ್ಲದೆ ಬರೆಸಿಕೊಂಡ ಮುಚ್ಚಳಿಕೆಗೆ ಸಹಿ ಹಾಕಬೇಕಾಗಿಲ್ಲ. ಹೆದರಿಸಿ ಹಾಕಿಸಿಕೊಂಡಿದ್ದರೆ ಮಾರನೇ ದಿನವೇ 'ಇಂಥ ದಿನ, ಇಷ್ಟು ಹೊತ್ತಿಗೆ, ಬಲವಂತದಿಂದ ಸಹಿ ಪಡೆದರು' ಎಂದು ಎಸ್‌ಪಿ ಕಚೇರಿಗೆ ಬರೆದು ರಿಜಿಸ್ಟರ್ ಅಂಚೆಯಲ್ಲಿ ಕಳಿಸಿ. ಒಂದು ತಿಂಗಳು ಬಿಟ್ಟು ಹೇಳಿದರೆ ಯಾರೂ ನಂಬುವುದಿಲ್ಲ.

ಫೋನ್ ಮಾಡಿ 'ಸ್ಟೇಷನ್‌ಗೆ ಬಾ' ಅಂದರೆ ಹೋಗಲೇಬೇಕಾ?

ಲಿಖಿತ ನೋಟಿಸ್ ಕೇಳಿ. ಏಳು ವರ್ಷದವರೆಗಿನ ಶಿಕ್ಷೆಯ ಪ್ರಕರಣಗಳಲ್ಲಿ ಏಕಾಏಕಿ ಬಂಧಿಸಬಾರದು, ನೋಟಿಸ್ ಕೊಟ್ಟು ಕರೆಯಬೇಕು ಎಂದು 2014ರ ಅರ್ನೇಶ್ ಕುಮಾರ್ ತೀರ್ಪು ಹೇಳಿತು. ಆ ನೋಟಿಸನ್ನು ವಾಟ್ಸಾಪ್‌ನಲ್ಲಿ ಕಳಿಸಿದರೆ ಜಾರಿಯಾದಂತಲ್ಲ ಎಂದು ಸುಪ್ರೀಂ ಕೋರ್ಟ್ 2025ರ ಜನವರಿಯಲ್ಲಿ ಹೇಳಿದೆ. ನೋಟಿಸ್ ಬಂದ ಮೇಲೆ ಮಾತ್ರ ತಪ್ಪಿಸಿಕೊಳ್ಳಬೇಡಿ. ಹೋಗಿ, ಹೋದ ಹೊತ್ತು, ಬಂದ ಹೊತ್ತು ಗುರುತು ಹಾಕಿಕೊಳ್ಳಿ.

ಸಾಕ್ಷಿಯಾಗಿ ಕರೆಯುವುದಾದರೆ ಹೆಂಗಸರನ್ನು, 15 ವರ್ಷದೊಳಗಿನ ಹುಡುಗರನ್ನು, 60 ದಾಟಿದ ಗಂಡಸರನ್ನು, ಅಂಗವಿಕಲರನ್ನು, ತೀವ್ರ ಕಾಯಿಲೆ ಇರುವವರನ್ನು ಅವರ ಮನೆಯಲ್ಲೇ ವಿಚಾರಿಸಬೇಕು. ಠಾಣೆಗೆ ಬರಬೇಕೆಂದು ಕಡ್ಡಾಯ ಮಾಡುವಂತಿಲ್ಲ.

ವಿಚಾರಣೆಗೆ ಅಂತ ಕರೆದುಕೊಂಡು ಹೋದವನು ರಾತ್ರಿಯಾದರೂ ಬಂದಿಲ್ಲ. ಮೊದಲು ಏನು ಮಾಡಲಿ?

ಮೊದಲು ಹೊತ್ತು ಬರೆದಿಡಿ. ಎಷ್ಟು ಗಂಟೆಗೆ, ಎಲ್ಲಿಂದ, ಯಾವ ವಾಹನದಲ್ಲಿ, ನಂಬರ್ ಏನು, ಬಂದವರು ಸಮವಸ್ತ್ರದಲ್ಲಿದ್ದರೇ, ಎದೆಯ ಮೇಲೆ ಹೆಸರಿತ್ತೇ, ನೋಡಿದವರು ಯಾರು. ಕೈಗೆ ಸಿಕ್ಕ ಕಾಗದದ ಹಿಂದೆ ಬರೆದರೂ ಆಯಿತು. ಬರೆಯಲು ಬಾರದಿದ್ದರೆ ನಿಮಗೆ ಬೇಕಾದವರಿಗೆ ವಾಯ್ಸ್ ಮೆಸೇಜ್ ಕಳಿಸಿ, ಅದರಲ್ಲಿ ಹೊತ್ತು ತಾನಾಗಿ ದಾಖಲಾಗುತ್ತದೆ.

ಆಮೇಲೆ ಠಾಣೆಗೆ ಹೋಗಿ, ಒಬ್ಬರೇ ಹೋಗಬೇಡಿ. ಕೇಳಬೇಕಾದ್ದು ಇಷ್ಟು: ದಸ್ತಗಿರಿ ಮಾಡಿದ್ದೀರಾ, ಇಲ್ಲವಾ? ಮಾಡಿದ್ದರೆ ದಸ್ತಗಿರಿ ಮೆಮೊ ಎಲ್ಲಿ? 1996ರ ಡಿ.ಕೆ. ಬಸು ತೀರ್ಪಿನ ಪ್ರಕಾರ ಆ ಮೆಮೊಗೆ ಮನೆಯವರದೋ ಆ ಜಾಗದ ಮರ್ಯಾದಸ್ಥರೊಬ್ಬರದೋ ಸಾಕ್ಷಿ ಸಹಿ ಬೇಕು, ಬಂಧಿತನ ಸಹಿಯೂ ಬೇಕು, ಹೊತ್ತು ತಾರೀಖು ನಮೂದಾಗಿರಬೇಕು. ಯಾಕೆ ಹಿಡಿದಿದ್ದಾರೆ ಎಂಬ ಕಾರಣವನ್ನು ಬಂಧಿತನಿಗೆ ಅರ್ಥವಾಗುವ ಭಾಷೆಯಲ್ಲಿ ಬರೆದುಕೊಡಬೇಕು ಎಂದು 2025ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ತೆಲುಗು, ಉರ್ದು ಮಾತ್ರ ಬಲ್ಲವರು ಇಷ್ಟೊಂದು ಇರುವ ನಮ್ಮ ಜಿಲ್ಲೆಗೆ ಆ ಮಾತು ಎಷ್ಟು ಮುಖ್ಯ ಎಂದು ಬಿಡಿಸಿ ಹೇಳಬೇಕಾಗಿಲ್ಲ. ವಿಚಾರಣೆಯ ನಡುವೆ ವಕೀಲರನ್ನು ಕಾಣುವ ಹಕ್ಕೂ ಇದೆ.

ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಇದು ಸಂವಿಧಾನದ 22ನೇ ವಿಧಿ. 'ದಸ್ತಗಿರಿ ಮಾಡಿಲ್ಲ, ಸುಮ್ಮನೆ ಕೂರಿಸಿದ್ದೀವಿ' ಎಂದರೆ, ಹಾಗಾದರೆ ಈಗ ಎದ್ದು ನಮ್ಮ ಜೊತೆ ಬರಬಹುದಾ ಎಂದು ಮೆತ್ತಗೆ ಕೇಳಿ. ಬರಬಹುದು ಅಂದರೆ ಕರೆದುಕೊಂಡು ಬನ್ನಿ. ಬರುವಂತಿಲ್ಲ ಅಂದರೆ ಅದು ಬಂಧನವೇ, ಗಂಟೆ ಲೆಕ್ಕ ಆಗಲೇ ಶುರುವಾಗಿದೆ ಎಂದು ನಮ್ಮ ವಕೀಲರು ವಾದಿಸುತ್ತಾರೆ.

ಠಾಣೆಯಲ್ಲಿ ಇಲ್ಲವೇ ಇಲ್ಲ ಎಂದು ಹೇಳಿದರೆ ತಡ ಮಾಡಬೇಡಿ. 112ಕ್ಕೆ ಕರೆ ಮಾಡಿದರೆ ಕರೆಯ ದಾಖಲೆ ಉಳಿಯುತ್ತದೆ. ಎಸ್‌ಪಿ ಕಚೇರಿಗೂ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೂ ಬರಹದಲ್ಲಿ ತಿಳಿಸಿ. ಉಚಿತ ಕಾನೂನು ನೆರವಿಗೆ 15100 ಇದೆ. ಹಿಡಿದಿಟ್ಟವರನ್ನು ಕೋರ್ಟಿನ ಮುಂದೆ ತಂದು ನಿಲ್ಲಿಸಿ ಎಂದು ಕೇಳುವ ಹೇಬಿಯಸ್ ಕಾರ್ಪಸ್ ಅರ್ಜಿಯನ್ನು ಹೈಕೋರ್ಟಿನಲ್ಲಿ ಹಾಕುವುದು ಕೊನೆಯ ದಾರಿ, ಆದರೆ ಗಟ್ಟಿ ದಾರಿ.

ಹೆಣ್ಣುಮಕ್ಕಳನ್ನು ರಾತ್ರಿ ಕರೆದೊಯ್ಯಬಹುದಾ? ಚಿಕ್ಕ ಹುಡುಗರನ್ನು?

ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮೊದಲು ಹೆಂಗಸರನ್ನು ಬಂಧಿಸುವಂತಿಲ್ಲ. ತೀರಾ ವಿಶೇಷ ಸಂದರ್ಭವಾದರೆ ಮಹಿಳಾ ಅಧಿಕಾರಿ ಮ್ಯಾಜಿಸ್ಟ್ರೇಟರ ಅನುಮತಿ ಮೊದಲೇ ಪಡೆದಿರಬೇಕು. 18 ತುಂಬದವರನ್ನು ಲಾಕಪ್ಪಿಗೆ ಹಾಕುವಂತೆಯೇ ಇಲ್ಲ, ಅವರು ಹೋಗಬೇಕಾದ್ದು ಬಾಲನ್ಯಾಯ ಮಂಡಳಿಯ ಮುಂದೆ. ವಯಸ್ಸಿನ ದಾಖಲೆ ತೆಗೆದುಕೊಂಡು ಓಡಿ. ಶಾಲೆಯ ದಾಖಲೆ ಎಲ್ಲಿದೆ ಎಂದು ಇವತ್ತೇ ನೋಡಿಟ್ಟುಕೊಳ್ಳಿ. ಮಕ್ಕಳ ಸಹಾಯವಾಣಿ 1098ಕ್ಕೂ ಕರೆ ಮಾಡಿ.

ಠಾಣೆಯಲ್ಲಿ ಹೊಡೆದಿದ್ದಾರೆ.

ಸ್ನಾನಕ್ಕೆ ಮೊದಲು, ಎಣ್ಣೆ ಹಚ್ಚುವುದಕ್ಕೆ ಮೊದಲು, ಬಟ್ಟೆ ಒಗೆಯುವುದಕ್ಕೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ. ಹಳ್ಳಿಯಲ್ಲಿ ಏಟು ಬಿದ್ದವರು ಮನೆಗೆ ಬಂದ ತಕ್ಷಣ ತಾಯಂದಿರು ಮಾಡುವ ಮೊದಲ ಕೆಲಸ ಬಿಸಿನೀರು ಕಾಯಿಸುವುದು. ಆ ಪ್ರೀತಿಯಲ್ಲೇ ಸಾಕ್ಷ್ಯ ತೊಳೆದುಹೋಗುತ್ತದೆ. ಒಂದು ಗಂಟೆ ತಡೆದುಕೊಳ್ಳಿ.

ವೈದ್ಯರು ಏಟು ಹೇಗೆ ಬಿತ್ತು ಎಂದು ಕೇಳುತ್ತಾರೆ. 'ಬಿದ್ದೆ' ಅನ್ನಬೇಡಿ. 'ಠಾಣೆಯಲ್ಲಿ ಹೊಡೆದರು' ಎಂದೇ ಹೇಳಿ, ಎಂಎಲ್‌ಸಿ (ಪೊಲೀಸ್, ಕೋರ್ಟಿಗೆ ಬೇಕಾಗುವ ಗಾಯದ ಪ್ರಕರಣವೆಂದು ಆಸ್ಪತ್ರೆಯ ದಾಖಲೆ) ಮಾಡಿಸಿ, ಗಾಯದ ಪ್ರಮಾಣಪತ್ರಕ್ಕೆ ಅರ್ಜಿ ಕೊಡಿ. ಅಂಗಾಲು, ತೊಡೆಯ ಹಿಂಭಾಗ, ಬೆನ್ನು ತೋರಿಸಲು ನಾಚಿಕೆಪಡಬೇಡಿ. ಗಾಯದ ಫೋಟೊ ತೆಗೆಯುವಾಗ ಮುಖವೂ ಕಾಣುವ ಒಂದು ಫೋಟೊ ಇರಲಿ, ಪಕ್ಕದಲ್ಲಿ ಅಂದಿನ ಪತ್ರಿಕೆ ಇದ್ದರೆ ಇನ್ನೂ ಒಳ್ಳೆಯದು. ಬಾಸುಂಡೆ ಎರಡನೇ ದಿನ ಹೆಚ್ಚು ಕಪ್ಪಾಗುತ್ತದೆ, ಅವತ್ತೂ ತೆಗೆಯಿರಿ.

ಇನ್ನೂ ಬಂಧನದಲ್ಲೇ ಇದ್ದರೆ, ಕೋರ್ಟಿಗೆ ಕರೆತಂದಾಗ ನ್ಯಾಯಾಧೀಶರಿಗೆ ಬಾಯಿಬಿಟ್ಟು ಹೇಳಬೇಕು. ಪೊಲೀಸರು ಪಕ್ಕದಲ್ಲೇ ನಿಂತಿರುತ್ತಾರೆ, 'ಹೇಳಿದರೆ ವಾಪಸ್ ಬಂದಾಗ ನೋಡ್ಕೋತೀವಿ' ಎಂದು ದಾರಿಯಲ್ಲೇ ಹೆದರಿಸಿರುತ್ತಾರೆ. ಆದರೂ ಹೇಳಬೇಕು. ತಪ್ಪೊಪ್ಪಿಗೆಗಾಗಿ ಹೊಡೆಯುವುದು ಭಾರತೀಯ ನ್ಯಾಯ ಸಂಹಿತೆಯ 120ನೇ ಕಲಂ ಪ್ರಕಾರ ಅಪರಾಧ. ಹೊಡೆಯುವ ಅಧಿಕಾರ ಯಾವ ದರ್ಜೆಯ ಅಧಿಕಾರಿಗೂ ಯಾವ ಕಾನೂನೂ ಕೊಟ್ಟಿಲ್ಲ, ಸಿಕ್ಕಿಬಿದ್ದವನು ಕಳ್ಳನೇ ಆಗಿದ್ದರೂ.

ಠಾಣೆಯ ಸಿಸಿ ಕ್ಯಾಮೆರಾ ದೃಶ್ಯ ನಮಗೆ ಸಿಗುತ್ತದಾ?

2020ರ ಡಿಸೆಂಬರ್ 2ರಂದು ಪರಮ್‌ವೀರ್ ಸಿಂಗ್ ಸೈನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಪ್ರತಿ ಠಾಣೆಯಲ್ಲೂ ಕ್ಯಾಮೆರಾ ಇರಬೇಕು ಎಂದಿತು. ಬಾಗಿಲು, ಲಾಕಪ್, ವರಾಂಡ, ಇನ್‌ಸ್ಪೆಕ್ಟರ್ ಕೋಣೆ ಯಾವುದೂ ಬಿಡುವಂತಿಲ್ಲ, ರಾತ್ರಿಯೂ ಕಾಣಬೇಕು, ಧ್ವನಿಯೂ ದಾಖಲಾಗಬೇಕು. ದೃಶ್ಯ 18 ತಿಂಗಳು ಉಳಿಯಬೇಕು, ಅಷ್ಟು ಸಾಮರ್ಥ್ಯದ ಯಂತ್ರ ಸಿಗದಿದ್ದರೂ ಒಂದು ವರ್ಷಕ್ಕೆ ಕಮ್ಮಿ ಇರಬಾರದು. ಉಸ್ತುವಾರಿಗೆ ಜಿಲ್ಲಾ ಮಟ್ಟದ ಸಮಿತಿ ಇರಬೇಕು. 2025ರಲ್ಲಿ ಸುಪ್ರೀಂ ಕೋರ್ಟ್ ಕೆಲಸ ಮಾಡದ ಕ್ಯಾಮೆರಾಗಳ ವಿಷಯವನ್ನು ಸ್ವಯಂಪ್ರೇರಿತವಾಗಿ ಮತ್ತೆ ಕೈಗೆತ್ತಿಕೊಂಡಿತು. ಆದೇಶವಾಗಿ ಐದು ವರ್ಷದ ಹತ್ತಿರ ಆಗಿದ್ದರೂ ಅದನ್ನು ಮತ್ತೆ ಕೇಳಬೇಕಾಗಿ ಬಂತು ಎಂಬುದು ನೋವಿನ ಸಂಗತಿ.

ನೀವು ಮಾಡಬೇಕಾದ್ದು ಒಂದೇ, ಆದರೆ ಕೂಡಲೇ ಮಾಡಬೇಕು. 'ಇಂಥ ತಾರೀಖು ಇಷ್ಟು ಗಂಟೆಯಿಂದ ಇಷ್ಟು ಗಂಟೆಯವರೆಗಿನ ದೃಶ್ಯ ಅಳಿಸದೆ ಕಾಯ್ದಿರಿಸಿ' ಎಂದು ಠಾಣೆಗೂ ಎಸ್‌ಪಿಗೂ ಪತ್ರ ಕೊಡಿ. ಕೊಡಿ ಎಂದು ಕೇಳುವುದು ಆಮೇಲಿನ ಮಾತು, ಅಳಿಸಬೇಡಿ ಎಂದು ಕೇಳುವುದು ಮೊದಲ ಮಾತು. ಆಮೇಲೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ. ಕರ್ನಾಟಕದಲ್ಲಿ ಅರ್ಜಿ 150 ಪದ ಮೀರಬಾರದು, ಒಂದೇ ವಿಷಯದ ಮೇಲಿರಬೇಕು, ಆದ್ದರಿಂದ ಪೀಠಿಕೆ ಬೇಡ. 30 ದಿನದಲ್ಲಿ ಉತ್ತರ ಬರಬೇಕು, ಜೀವ ಅಥವಾ ಸ್ವಾತಂತ್ರ್ಯಕ್ಕೆ ಸಂಬಂಧಿಸಿದ್ದಾದರೆ 48 ಗಂಟೆಯಲ್ಲಿ. ತನಿಖೆಗೆ ಅಡ್ಡಿಯಾಗುತ್ತದೆ ಎಂದು ನಿರಾಕರಿಸಿದರೆ ಹೇಗೆ ಅಡ್ಡಿ ಎಂದು ಕೇಳಿ ಮೇಲ್ಮನವಿ ಹಾಕಿ. ಮಾನವ ಹಕ್ಕುಗಳ ಆಯೋಗವೂ ಆ ದೃಶ್ಯವನ್ನು ತರಿಸಿಕೊಳ್ಳಬಹುದು ಎಂದು ಅದೇ ತೀರ್ಪಿನಲ್ಲಿದೆ.

ನಾವೇ ಮೊಬೈಲಿನಲ್ಲಿ ವಿಡಿಯೊ ಮಾಡಬಹುದಾ?

ಠಾಣೆಯು ಸರ್ಕಾರಿ ರಹಸ್ಯಗಳ ಕಾಯ್ದೆಯಡಿ ನಿಷೇಧಿತ ಸ್ಥಳವಲ್ಲ ಎಂದು ಬಾಂಬೆ ಹೈಕೋರ್ಟಿನ ನಾಗ್ಪುರ ಪೀಠ 2022ರಲ್ಲಿ ಹೇಳಿದೆ. ರಸ್ತೆಯಲ್ಲಿ ನಡೆಯುವುದನ್ನು ದೂರ ನಿಂತು, ಕೆಲಸಕ್ಕೆ ಅಡ್ಡ ಬಾರದೆ ಚಿತ್ರೀಕರಿಸಬಹುದು. ಆದರೆ ಠಾಣೆಯೊಳಗೆ ಒಬ್ಬಂಟಿಯಾಗಿ ಫೋನ್ ಎತ್ತಿ ಹಿಡಿಯುವುದನ್ನು ನಾವು ಹೇಳಿಕೊಡುವುದಿಲ್ಲ. ಫೋನೂ ಹೋಗುತ್ತದೆ, ಕರ್ತವ್ಯಕ್ಕೆ ಅಡ್ಡಿ ಎಂಬ ಕೇಸೂ ಬೀಳುತ್ತದೆ. ತೆಗೆದ ವಿಡಿಯೊವನ್ನು ಸ್ಟೇಟಸ್‌ಗೆ ಹಾಕುವ ಮೊದಲು ವಕೀಲರಿಗೆ ಕಳಿಸಿ. ಸಂತ್ರಸ್ತೆಯ ಮುಖ ಕಾಣುವ ವಿಡಿಯೊ ಹಂಚಿದರೆ ಆಕೆಗೆ ಎರಡನೇ ಸಲ ಅನ್ಯಾಯ ಮಾಡಿದಂತೆ.

ಪೊಲೀಸರ ಮೇಲೇ ದೂರು ಕೊಡಬೇಕಾದರೆ ಎಲ್ಲಿ?

ಲಂಚದ ವಿಷಯವಾದರೆ ಲೋಕಾಯುಕ್ತ. 2022ರ ಆಗಸ್ಟ್‌ನಲ್ಲಿ ಹೈಕೋರ್ಟ್ ಭ್ರಷ್ಟಾಚಾರ ನಿಗ್ರಹ ದಳವನ್ನು (ಎಸಿಬಿ) ರದ್ದು ಮಾಡಿದ ಮೇಲೆ ಆ ಅಧಿಕಾರ ಲೋಕಾಯುಕ್ತಕ್ಕೇ ಮರಳಿದೆ. ಹಲ್ಲೆ, ಅಕ್ರಮ ಬಂಧನ, ಅಧಿಕಾರ ದುರುಪಯೋಗವಾದರೆ ಎಸ್‌ಪಿ, ಅವರ ಮೇಲಿನ ಅಧಿಕಾರಿ ಕೇಂದ್ರ ವಲಯದ ಐಜಿಪಿ (ಪೊಲೀಸ್ ಮಹಾನಿರೀಕ್ಷಕರು). ರಾಜ್ಯ ಮಾನವ ಹಕ್ಕುಗಳ ಆಯೋಗಕ್ಕೆ ಬಿಳಿ ಹಾಳೆಯಲ್ಲಿ ಬರೆದು ಕಳಿಸಿದರೂ ಸಾಕು, ಆದರೆ ಘಟನೆ ನಡೆದು ಒಂದು ವರ್ಷ ದಾಟಿರಬಾರದು.

ಇವುಗಳ ಜೊತೆಗೆ ಬಹಳ ಜನಕ್ಕೆ ಗೊತ್ತಿಲ್ಲದ ಇನ್ನೊಂದು ಬಾಗಿಲಿದೆ, ಪೊಲೀಸ್ ದೂರು ಪ್ರಾಧಿಕಾರ. 2006ರ ಸೆಪ್ಟೆಂಬರ್ 22ರಂದು ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಏಳು ನಿರ್ದೇಶನಗಳಲ್ಲಿ ಇದೂ ಒಂದು. ನಮ್ಮ ರಾಜ್ಯ 1963ರ ಪೊಲೀಸ್ ಕಾಯ್ದೆಗೆ 2012ರಲ್ಲಿ ತಿದ್ದುಪಡಿ ತಂದು ರಾಜ್ಯಕ್ಕೊಂದು, ಜಿಲ್ಲೆಗೊಂದು ಪ್ರಾಧಿಕಾರ ಎಂದು ಬರೆಯಿತು. ಡಿವೈಎಸ್‌ಪಿ ಮತ್ತು ಅದಕ್ಕಿಂತ ಕೆಳಗಿನವರ ಮೇಲಿನ ದೂರುಗಳನ್ನು ಜಿಲ್ಲಾ ಪ್ರಾಧಿಕಾರ ನೋಡಬೇಕು ಎಂಬುದು ಸುಪ್ರೀಂ ಕೋರ್ಟಿನ ನಿರ್ದೇಶನ. ಆ ತೀರ್ಪಿನ ಆಶಯವೇ ಪೊಲೀಸರ ಮೇಲಿನ ದೂರನ್ನು ಪೊಲೀಸರೇ ವಿಚಾರಿಸಬಾರದು ಎಂಬುದು. ಠಾಣೆಯ ಗೋಡೆಯ ಮೇಲೆ ಎಷ್ಟೋ ಫಲಕಗಳಿವೆ. ಈ ಪ್ರಾಧಿಕಾರದ ವಿಳಾಸವನ್ನೂ ದಪ್ಪಕ್ಷರದಲ್ಲಿ ಬರೆಸಿ ಎಂದು ನಾವು ಕೇಳುತ್ತಲೇ ಇದ್ದೇವೆ.

ಹೈಕೋರ್ಟ್, ಸುಪ್ರೀಂ ಕೋರ್ಟ್ ಎಲ್ಲ ನಮ್ಮಂಥವರಿಗಾ?

ಒಡಿಶಾದ ನೀಲಾಬತಿ ಬೆಹೆರಾ ಎಂಬ ತಾಯಿ 1988ರಲ್ಲಿ ಸುಪ್ರೀಂ ಕೋರ್ಟಿಗೆ ಒಂದು ಪತ್ರ ಬರೆದರು. ಪೊಲೀಸರು ಕರೆದೊಯ್ದಿದ್ದ 22 ವರ್ಷದ ಮಗನ ಶವ ರೈಲು ಹಳಿಯ ಮೇಲೆ ಸಿಕ್ಕಿತ್ತು. ತಪ್ಪಿಸಿಕೊಂಡು ಓಡಿಹೋಗಿದ್ದ ಎಂದು ಪೊಲೀಸರು ಹೇಳಿದರು. ಕೋರ್ಟ್ ಆ ಪತ್ರವನ್ನೇ ರಿಟ್ ಅರ್ಜಿಯಾಗಿ ತೆಗೆದುಕೊಂಡಿತು. 1993ರಲ್ಲಿ ಒಂದೂವರೆ ಲಕ್ಷ ರೂಪಾಯಿ ಪರಿಹಾರ ಕೊಡಿಸಿ, ಬಂಧನದಲ್ಲಿ ಹೋದ ಜೀವಕ್ಕೆ ಸರ್ಕಾರವೇ ಹೊಣೆ ಎಂದಿತು. ನಮ್ಮ ಹೈಕೋರ್ಟಿನ ಧಾರವಾಡ ಪೀಠವೂ 2022ರಲ್ಲಿ, ಕಾರಣವಿಲ್ಲದೆ ಕೈಕೋಳ ತೊಡಿಸಿ ಕರೆದೊಯ್ದಿದ್ದಕ್ಕೆ ಒಬ್ಬ ಕಾನೂನು ವಿದ್ಯಾರ್ಥಿಗೆ ಎರಡು ಲಕ್ಷ ರೂಪಾಯಿ ಕೊಡಿಸಿದೆ.

ಹೆಂಗಸರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಬಂಧನದಲ್ಲಿ ಇರುವವರಿಗೆ ವಕೀಲರ ಖರ್ಚನ್ನು ಕಾನೂನು ಸೇವಾ ಪ್ರಾಧಿಕಾರ ಹೊರುತ್ತದೆ. ಆದಾಯ ಎಷ್ಟೇ ಇದ್ದರೂ.

ಜಾತಿ ದೌರ್ಜನ್ಯದ ಕೇಸುಗಳಲ್ಲಿ ನೀವು ಯಾಕೆ ಅಷ್ಟು ಪಟ್ಟು ಹಿಡಿಯುತ್ತೀರಿ?

ಕಂಬಾಲಪಲ್ಲಿ ನಮ್ಮ ಚಿಂತಾಮಣಿ ತಾಲ್ಲೂಕಿನದು. ಜಿಲ್ಲೆ ಇನ್ನೂ ಒಡೆಯದೆ ಕೋಲಾರವೇ ಆಗಿದ್ದ ಕಾಲ, 2000ದ ಮಾರ್ಚ್ 11. ಏಳು ಜನ ದಲಿತರನ್ನು ಮನೆಯೊಳಗೆ ಕೂಡಿಹಾಕಿ ಸುಟ್ಟರು. ಸಾಕ್ಷಿಗಳು ಒಬ್ಬೊಬ್ಬರಾಗಿ ತಿರುಗಿಬಿದ್ದರು. 2006ರಲ್ಲಿ ಆರೋಪಿಗಳೆಲ್ಲ ಬಿಡುಗಡೆಯಾದರು, 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಏಳು ಜನ ಸತ್ತದ್ದು ನಿಜ, ಸುಟ್ಟವರು ಯಾರೂ ಇಲ್ಲ ಎಂದಾಯಿತು. ಮೊದಲ ದಿನದ ದೂರು, ಮೊದಲ ವಾರದ ಹೇಳಿಕೆ, ಸಾಕ್ಷಿಗಳ ರಕ್ಷಣೆ ಸಡಿಲವಾದರೆ ಹದಿನಾಲ್ಕು ವರ್ಷದ ನಂತರ ಯಾವ ಕೋರ್ಟೂ ಅದನ್ನು ಕಟ್ಟಿಕೊಡಲಾರದು.

ಅದಕ್ಕೇ ಪರಿಶಿಷ್ಟ ಜಾತಿ ಪಂಗಡಗಳ ಮೇಲಿನ ದೌರ್ಜನ್ಯ ತಡೆ ಕಾಯ್ದೆಯ ಕೇಸಾದರೆ ಮೊದಲ ದಿನದಿಂದಲೇ ಜೊತೆಗಿರುತ್ತೇವೆ. ತನಿಖೆ ಡಿವೈಎಸ್‌ಪಿ ದರ್ಜೆಗಿಂತ ಕೆಳಗಿನವರದು ಆಗಬಾರದು. 60 ದಿನದಲ್ಲಿ ಮುಗಿಯಬೇಕು. ಎಫ್‌ಐಆರ್‌ಗೆ ಮೊದಲು ಪ್ರಾಥಮಿಕ ವಿಚಾರಣೆ ಬೇಕಿಲ್ಲ ಎಂದು 2018ರ ತಿದ್ದುಪಡಿ ಹೇಳಿದೆ. ಬೇಕೆಂದೇ ಕರ್ತವ್ಯ ಕಡೆಗಣಿಸಿದ ಪರಿಶಿಷ್ಟೇತರ ಅಧಿಕಾರಿಗೆ ಅದೇ ಕಾಯ್ದೆಯ 4ನೇ ಕಲಂನಲ್ಲಿ ಆರು ತಿಂಗಳಿಂದ ಒಂದು ವರ್ಷದವರೆಗೆ ಶಿಕ್ಷೆ ಇದೆ.

ಪ್ರತಿ ಏಪ್ರಿಲ್‌ನಲ್ಲಿ ವಿದುರಾಶ್ವತ್ಥಕ್ಕೆ ಯಾಕೆ ಹೋಗುತ್ತೀರಿ?

1938ರ ಏಪ್ರಿಲ್ 25ರಂದು ಗೌರಿಬಿದನೂರಿನ ಹತ್ತಿರ ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಸತ್ತವರು ಎಷ್ಟು ಎಂಬುದರಲ್ಲಿ ಸರ್ಕಾರದ ಲೆಕ್ಕವೇ ಬೇರೆ, ಊರಿನ ಲೆಕ್ಕ ಮೂವತ್ತಕ್ಕೂ ಮೇಲೆ. ಅದರ ವಿಚಾರಣೆಗೆ ಆಗಲೇ ವೇಪಾ ರಾಮೇಶಂ ಸಮಿತಿ ಕೂತಿತ್ತು. ಅಂದರೆ ಪೊಲೀಸರನ್ನು ಲೆಕ್ಕ ಕೇಳುವುದು ನಾವು ಎಲ್ಲಿಂದಲೋ ತಂದದ್ದಲ್ಲ, ಈ ಮಣ್ಣಿನಲ್ಲೇ ಇದ್ದದ್ದು. ಅಲ್ಲಿನ ಸ್ಮಾರಕದ ಹೆಸರುಗಳನ್ನು ಗುಂಪಿನ ಹೊಸ ಹುಡುಗರಿಂದ ಗಟ್ಟಿಯಾಗಿ ಓದಿಸುತ್ತೇವೆ.

ದೂರು ಕೊಟ್ಟರೆ ಆಮೇಲೆ ನಮಗೇ ಕಾಟ ಕೊಡಲ್ವಾ?

ಕೊಡುವ ಸಾಧ್ಯತೆ ಇದೆ, ಸುಳ್ಳು ಹೇಳುವುದಿಲ್ಲ. ಗಾಡಿ ಹಿಡಿಯುತ್ತಾರೆ, ಹಳೇ ಕೇಸು ಕೆದಕುತ್ತಾರೆ, ರೌಡಿ ಪಟ್ಟಿ ಎಂದು ಹೆದರಿಸುತ್ತಾರೆ, ಊರ ಹಿರಿಯರ ಕೈಲಿ ಹೇಳಿಸುತ್ತಾರೆ. ಅದಕ್ಕೇ ದೂರಿನ ಒಂದು ಪ್ರತಿ ನಮ್ಮ ಹತ್ತಿರವೂ, ಒಂದು ವಕೀಲರ ಹತ್ತಿರವೂ ಇಡುತ್ತೇವೆ. ಪ್ರತಿ ಕಾಟವನ್ನೂ ಅದೇ ದೂರಿಗೆ ಸೇರಿಸಿ ಬರೆಯುತ್ತಾ ಹೋಗುತ್ತೇವೆ. ಹತ್ತು ಜನಕ್ಕೆ ಗೊತ್ತಿರುವ ದೂರುದಾರರ ಮೇಲೆ ಕೈಮಾಡಲು ಹಿಂಜರಿಯುತ್ತಾರೆ, ಇದು ನಾವು ಕಂಡದ್ದು. ಆದರೂ ಕೊಡಬೇಕೋ ಬೇಡವೋ ಎಂಬುದು ನಿಮ್ಮ ತೀರ್ಮಾನ. ಬೇಡ ಅಂದವರನ್ನು ನಾವು ಒತ್ತಾಯಿಸುವುದಿಲ್ಲ, ಅವರನ್ನು ಹೇಡಿ ಎಂದು ಭಾವಿಸುವುದೂ ಇಲ್ಲ. ಮನೆ ನಡೆಸಬೇಕಾದವರು ಅವರು.

ಎಷ್ಟು ದುಡ್ಡು ತೆಗೆದುಕೊಳ್ಳುತ್ತೀರಿ?

ಒಂದು ರೂಪಾಯಿಯೂ ಇಲ್ಲ. ನಮ್ಮ ಹೆಸರು ಹೇಳಿ ಯಾರಾದರೂ ಕೇಳಿದರೆ ಕೂಡಲೇ ತಿಳಿಸಿ.

ಯಾವ ಕೇಸು ಮುಟ್ಟುವುದಿಲ್ಲ?

ಎದುರಾಳಿಗೆ ಬುದ್ಧಿ ಕಲಿಸಲು ಬರುವವರದು. ಅಧಿಕಾರಿಯ ವರ್ಗಾವಣೆಗಾಗಿ ರಾಜಕೀಯದವರು ಕಳಿಸುವ ಅರ್ಜಿಗಳು. ಸುಳ್ಳು ಎಂದು ಗೊತ್ತಾದ ದಿನವೇ ಕೈಬಿಡುತ್ತೇವೆ, ಹೇಳಿಯೇ ಬಿಡುತ್ತೇವೆ. ಒಂದು ಸುಳ್ಳು ದೂರು ಮುಂದಿನ ಹತ್ತು ನಿಜದ ದೂರುಗಳ ಬಾಯಿ ಮುಚ್ಚಿಸುತ್ತದೆ.

ನಾನೂ ಬರಬಹುದಾ?

ಬನ್ನಿ. ತಿಂಗಳ ಎರಡನೇ ಭಾನುವಾರ ಸೇರುತ್ತೇವೆ, ಜಾಗ ಪ್ರತಿ ಸಲ ಬೇರೆ ತಾಲ್ಲೂಕು. ಕಾನೂನು ಓದಿರಬೇಕಾಗಿಲ್ಲ. ತೆಲುಗು, ಉರ್ದು ಬಲ್ಲವರು ತುಂಬಾ ಬೇಕು, ಹೆಣ್ಣುಮಕ್ಕಳು ಇನ್ನೂ ಹೆಚ್ಚು ಬೇಕು. ಸಿಟ್ಟು ತಡೆದುಕೊಂಡು ಠಾಣೆಯ ಬೆಂಚಿನ ಮೇಲೆ ಮೂರು ಗಂಟೆ ಕೂರುವ ತಾಳ್ಮೆ ಬೇಕು. ಒಂದು ನೋಟ್‌ಬುಕ್ಕು, ಎರಡು ಪೆನ್ನು, ಕೈಗಡಿಯಾರ ತನ್ನಿ, ಎಷ್ಟೋ ಠಾಣೆಗಳಲ್ಲಿ ಒಳಗೆ ಹೋಗುವಾಗ ಫೋನ್ ಹೊರಗಿಡಿ ಅನ್ನುತ್ತಾರೆ.